ಇಂಗ್ಲಿಷಿಗೆ ರೀ ಹಚ್ಚುವುದೆಲ್ಲಿ

ಇಂಗ್ಲಿಷಿನಲ್ಲಿ ‘ರೀ’ ಇಲ್ಲವೆನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಕೆಲಸವೂ ನನ್ನದಾಗಿರಲಿಲ್ಲ. ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಶಾಲೆ ಬಿಟ್ಟು ಹಸಿದು ಬಂದ ಹುಡುಗರ ಕೈಗೆ ಹುರಿದ ಶೇಂಗಾ, ಬೆಲ್ಲ ಹಾಕುವುದು, ಕತ್ತಲಾಗುವುದರೊಳಗೆ ಹೆಣ್ಣುಮಕ್ಕಳನ್ನು ಅವರವರ ಓಣಿಗೆ ಮುಟ್ಟಿಸುವುದು, ಇಷ್ಟೇ ನನ್ನ ಕೆಲಸ. ನಾನು ಕಲಿತದ್ದು ನಾಲ್ಕನೆಯ ತನಕ. ಕನ್ನಡ ಕೂಡಿಸಿ ಓದುತ್ತೇನೆ, ಬರೆಯುತ್ತೇನೆ. ಇದನ್ನೂ ನಾನೇ ಬರೆದೆ. ಮೊಮ್ಮಗಳು ತಪ್ಪು ತಿದ್ದಿದಳು, ಅಷ್ಟೇ. ಇಂಗ್ಲಿಷ್ ಮಾತ್ರ ನನಗೆ ಸೊನ್ನೆ.

ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳಿನ ವ್ಯಾಪಾರಿಯೊಬ್ಬರು ತಮ್ಮ ಹಳೆಯ ವಖಾರಿಯನ್ನು ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಬಿಟ್ಟುಕೊಟ್ಟಿದ್ದರು. ವಖಾರಿಯೆಂದರೆ ಚೀಲ ಒಟ್ಟುವ ಉದ್ದನೆಯ ಕೋಣೆ, ಎತ್ತರದಲ್ಲಿ ಎರಡು ಕಿಂಡಿ, ಅಷ್ಟೇ ಬೆಳಕು. ಗದಗಿನ ಒಂದು ಸಂಸ್ಥೆಯವರು ಬೋರ್ಡು, ಬೆಂಚು ತಂದು ಹಾಕಿದರು. ಕನ್ನಡ ಶಾಲೆಯ ಒಂಬತ್ತನೆಯ, ಹತ್ತನೆಯ ಇಯತ್ತೆಯ ಹುಡುಗ ಹುಡುಗಿಯರು ಬರಬೇಕು, ಅವರ ಬಾಯಿಗೆ ಇಂಗ್ಲಿಷ್ ಬರಬೇಕು, ಇದು ಅವರ ವಿಚಾರ. ಹೆಣ್ಣುಮಕ್ಕಳ ಮನೆಯವರು ಒಪ್ಪಲಿಲ್ಲ. ವಖಾರಿಯಲ್ಲಿ ಸಂಜೆ ಹೊತ್ತು ಎಂಥ ಕ್ಲಾಸು ಅಂದರು. ಕಡೆಗೆ ‘ಒಬ್ಬಾಕಿ ಮುದುಕಿ ಕುಂತಿರತಾಳ ಅಂದ್ರ ಕಳಸ್ತೀವಿ’ ಅಂದರು. ಆ ಮುದುಕಿ ನಾನಾದೆ. ಮಕ್ಕಳು ನನ್ನನ್ನು ಆಯಿ ಅನ್ನುತ್ತಿದ್ದರು. ನಮ್ಮ ಕಡೆ ಅಜ್ಜಿಗೆ ಹಾಗೆನ್ನುವ ರೂಢಿ.

ಮೊದಲ ವಾರ ಇಂಗ್ಲಿಷ್ ಬರಲಿಲ್ಲ, ಸೀನು ಬಂದವು. ಆ ಕೋಣೆಯಲ್ಲಿ ಎಷ್ಟೋ ವರ್ಷ ಒಣಮೆಣಸಿನಕಾಯಿ ಒಟ್ಟಿದ್ದರು. ಬೆಂಚು ಎಳೆದರೆ ಸಾಕು, ನೆಲದ ಸಂದಿಯಿಂದ ಘಾಟು ಏಳುತ್ತಿತ್ತು. ಕಲಿಸಲು ಬಂದ ಅಕ್ಕೋರು ‘ಗುಡ್ ಈವನಿಂಗ್’ ಅಂದರೆ ಇಡೀ ಕ್ಲಾಸು ಸೀನಿ ಉತ್ತರ ಕೊಡುತ್ತಿತ್ತು. ನಾನು ಸುಣ್ಣದ ನೀರು ಹಾಕಿ ನೆಲ ತಿಕ್ಕಿದೆ, ಒಣಗಿದ ಮೇಲೆ ಮತ್ತೆ ತಿಕ್ಕಿದೆ. ಘಾಟು ಹೋಯಿತು. ಆಮೇಲೆ ಗೊತ್ತಾಯಿತು, ಘಾಟು ಅಡ್ಡಿಯಾಗಿರಲಿಲ್ಲ, ಅಡ್ಡಿ ಬೇರೆಯೇ ಇತ್ತು.

ಅಕ್ಕೋರು ಮೈಸೂರು ಕಡೆಯವರು. ಸಣ್ಣ ವಯಸ್ಸು, ಖಡಕ್ ಮಾತು, ಕೆಲಸದಲ್ಲಿ ಕಳ್ಳತನವಿಲ್ಲ. ‘ಬನ್ನಿ, ಕೂತ್ಕೊಳ್ಳಿ’ ಅನ್ನುವ ಅವರ ಕನ್ನಡ ಕೇಳಿ ಹುಡುಗರು ಮೊದಮೊದಲು ನಕ್ಕರು. ಅವರು ನಗಲಿಕ್ಕೆ ಬಿಟ್ಟರು. ಬೋರ್ಡಿನ ಮೇಲೆ ಬರೆದದ್ದನ್ನು ಮಕ್ಕಳು ಮುತ್ತು ಪೋಣಿಸಿದ ಹಾಗೆ ಬರೆದುಕೊಳ್ಳುತ್ತಿದ್ದರು. ಪಾಠ ಹೇಳು ಅಂದರೆ ಗಿಳಿಯ ಹಾಗೆ ಒಪ್ಪಿಸುತ್ತಿದ್ದರು. ಅಕ್ಕೋರು ಒಬ್ಬೊಬ್ಬರನ್ನು ನಿಲ್ಲಿಸಿ ‘ಇವತ್ತು ಬೆಳಗ್ಗೆ ಎದ್ದು ಏನು ಮಾಡಿದೆ, ಇಂಗ್ಲಿಷಿನಲ್ಲಿ ಹೇಳು’ ಅಂದರೆ ಮುಗಿಯಿತು. ಕೆಲವರು ನೆಲ ನೋಡುತ್ತಿದ್ದರು. ಬಾಯಿ ತೆಗೆದವರು ಪ್ರತಿ ಮಾತಿನ ಬಾಲಕ್ಕೆ ರೀ ಹಚ್ಚುತ್ತಿದ್ದರು. ‘ಯೆಸ್‌ರಿ.’ ‘ನೋರಿ.’ ‘ಐ ಆಮ್ ಕಮಿಂಗ್‌ರಿ.’

ಟ್ರ್ಯಾಕ್ಟರ್ ಹೊಡೆಯುವವನ ಮಗನೊಬ್ಬನಿದ್ದ. ಆ ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಬಾಯಿ ಜೋರು. ಅವನು ಒಂದು ದಿನ ಎದ್ದು ನಿಂತು ಅಕ್ಕೋರಿಗೆ ‘ವಾಟ್ ಈಸ್ ಯುವರ್ ನೇಮ್‌ರಿ?’ ಅಂದ. ಅಕ್ಕೋರು ನಕ್ಕರು. ಆಮೇಲೆ ನಗು ನಿಲ್ಲಿಸಿ, ‘ಇದು ಅಭ್ಯಾಸ ಆಗಿಬಿಟ್ಟರೆ ನಾಳೆ ಹೊರಗೆ ನಿಮ್ಮನ್ನು ಆಡಿಕೊಂಡು ನಗ್ತಾರೆ, ಇದನ್ನು ಬಿಡಿಸಲೇಬೇಕು’ ಅಂದರು.

ಬಿಡಿಸಲು ಅವರು ಹೂಡಿದ ಯುಕ್ತಿ ಹೀಗಿತ್ತು. ಕ್ಲಾಸು ಶುರುವಾಗುವಾಗ ಪ್ರತಿಯೊಬ್ಬರ ಮುಂದೆ ಒಂದು ಹಿಡಿ ಶೇಂಗಾ. ಇಂಗ್ಲಿಷ್ ಮಾತಿಗೆ ರೀ ಹಚ್ಚಿದರೆ ಒಂದು ಶೇಂಗಾ ಡಬ್ಬಿಗೆ ವಾಪಸು. ಕಡೆಗೆ ಉಳಿದಷ್ಟು ಅವರದು. ಡಬ್ಬಿ ಹಿಡಿದು ತಿರುಗುವವಳು ನಾನು. ಶೇಂಗಾ ಹುರಿಯುವವಳೂ ನಾನೇ, ವಾಪಸು ಕಸಿಯುವವಳೂ ನಾನೇ. ಹುಡುಗರು ನನ್ನನ್ನು ಕೆಕ್ಕರಿಸಿ ನೋಡುತ್ತಿದ್ದರು.

‘ಆಯಿ, ಅದು ರೀ ಅಲ್ಲ, ಬಿಕ್ಕಳಿಕಿ ಬಂತು’ ಅನ್ನುವನು ಟ್ರ್ಯಾಕ್ಟರ್ ಹುಡುಗ.

‘ಬಿಕ್ಕಳಿಕಿಗೂ ಒಂದು ಶೇಂಗಾ ತೆಗಿ ಮಗನ’ ಅನ್ನುವೆ ನಾನು.

ವಾರದಲ್ಲಿ ರೀ ಕಡಿಮೆಯಾಯಿತು. ಅಕ್ಕೋರಿಗೂ ಖುಷಿ, ನನಗೂ ಖುಷಿ. ಆದರೆ ಮುಂದಿನ ವಾರ ಇಂಗ್ಲಿಷೂ ಕಡಿಮೆಯಾಯಿತು. ಅದರ ಮುಂದಿನ ವಾರ ಪೂರಾ ನಿಂತಿತು. ಕ್ಲಾಸು ಮುಗಿಯುವಾಗ ಎಲ್ಲರ ಮುಂದೆ ಶೇಂಗಾ ಹಾಗೆಯೇ ರಾಶಿ. ಟ್ರ್ಯಾಕ್ಟರ್ ಹುಡುಗನ ಮುಂದೆ ಮಾತ್ರ ಒಂದೂ ಇಲ್ಲ. ಅವನೊಬ್ಬನೇ ಮಾತಾಡಿದವನು.

ಅಕ್ಕೋರು ಬೆಂಚುಗಳ ನಡುವೆ ಹೋಗುತ್ತ ಆ ರಾಶಿಗಳನ್ನು ನೋಡಿದರು. ಒಂದು ಹುಡುಗಿಯ ಮುಂದೆ ನಿಂತರು. ಅವಳ ತಾಯಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು, ಅದಕ್ಕೆ ನಾವು ಅವಳನ್ನು ರೊಟ್ಟಿ ಹುಡುಗಿ ಅನ್ನುತ್ತಿದ್ದೆವು. ಹತ್ತನೆಯ ಇಯತ್ತೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಚೆಂದ ಬರೆಯುವವಳು, ಬಂದಾಗಿನಿಂದ ಒಂದು ಅಕ್ಷರ ಮಾತಾಡದವಳು. ಮಾತು ಬೇಕಾದದ್ದೂ ಎಲ್ಲರಿಗಿಂತ ಅವಳಿಗೇ ಹೆಚ್ಚು. ಗದಗಿನಲ್ಲಿ ಒಂದು ವಸತಿ ಕಾಲೇಜಿತ್ತು. ಪರೀಕ್ಷೆ ಮುಗಿದ ಮೇಲೆ ಅಲ್ಲಿ ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡಿ, ಹಿಡಿಸಿದವರನ್ನು ಇಟ್ಟುಕೊಂಡು ಓದಿಸುತ್ತಿದ್ದರು, ಊಟವೂ ಅವರದೇ. ತಾಯಿ ಖಂಡಿತವಾಗಿ ಹೇಳಿಬಿಟ್ಟಿದ್ದಳು, ಅಲ್ಲಿ ಸೀಟು ಸಿಕ್ಕರೆ ಓದಲಿ, ಸಿಗದಿದ್ದರೆ ತನ್ನ ಜೋಡಿ ರೊಟ್ಟಿ ಬಡಿಯಲಿ ಅಂತ. ಆ ತಾಯಿ ಕೆಟ್ಟವಳಲ್ಲ. ಒಬ್ಬಳಿಂದ ಮುಗಿಯದಷ್ಟು ರೊಟ್ಟಿ ಇದ್ದವು.

ಅಕ್ಕೋರು ಅವಳ ಮುಂದಿನ ಶೇಂಗಾ ತೋರಿಸಿ ಕನ್ನಡದಲ್ಲೇ ಕೇಳಿದರು. ‘ಒಂದೂ ಕಳೆದುಕೊಂಡಿಲ್ಲವಲ್ಲಮ್ಮ. ಯಾಕೆ ಮಾತಾಡಲ್ಲ ನೀನು? ಇಂಗ್ಲಿಷ್ ಬರಲ್ವಾ?’

‘ಬರತೈತ್ರಿ.’

‘ಮತ್ತೆ? ಭಯಾನಾ?’

‘ಅಂಜಿಕಿ ಅಲ್ರಿ.’ ಹುಡುಗಿ ಅಂದಳು, ‘ರೀ ಬಿಟ್ಟು ಮಾತಾಡಿದ್ರ ನಿಮಗ ಲೇ ಅಂದಂಗ ಆಕ್ಕೈತ್ರಿ ಅಕ್ಕೋರ. ನೀವು ನಮಗ ಕಲಸಾಕ ಇಷ್ಟು ದೂರದಿಂದ ಬಂದೀರಿ. ನಿಮ್ಮ ಮಾರಿ ನೋಡಿ ಬರೇ ಯೆಸ್ ಅನ್ನಾಕ ನನ್ನ ನಾಲಿಗಿ ಹೊಳ್ಳಂಗಿಲ್ರಿ. ಬಾಯಿತನಕ ಬಂದದ್ದನ್ನ ನುಂಗತೀನ್ರಿ.’

ಅಕ್ಕೋರು ಬೆಂಚಿನ ತುದಿಗೆ ಕೂತುಬಿಟ್ಟರು. ಉಳಿದವರನ್ನು ನೋಡಿದರು. ಒಬ್ಬೊಬ್ಬರೂ ‘ಹೌದ್ರಿ, ನಮಗೂ ಹಂಗ ಆಕ್ಕೈತ್ರಿ’ ಅಂದರು. ಮಾತಿನ ಕಡೆಗೆ ರೀ ಇಲ್ಲದೆ ದೊಡ್ಡವರ ಎದುರು ನಿಲ್ಲುವುದೆಂದರೆ ಈ ಮಕ್ಕಳಿಗೆ ಚಪ್ಪಲಿ ಹಾಕಿಕೊಂಡು ದೇವರಮನೆಗೆ ಹೋದಂತೆ. ಇಂಗ್ಲಿಷಿನಲ್ಲಿ ‘ಸರ್’, ‘ಮೇಡಂ’, ‘ಪ್ಲೀಸ್’ ಇವೆ, ಅವೇ ನಿಮ್ಮ ರೀ ಅಂತ ಅಕ್ಕೋರು ತಿಳಿಸಿ ಹೇಳಿದರು. ಹುಡುಗರು ಗೋಣು ಹಾಕಿದರು. ನಾಲಿಗೆ ಮಾತ್ರ ಹೊರಳಲಿಲ್ಲ. ಜೋಡಿ ಮಾಡಿ ಒಬ್ಬರ ಜೊತೆ ಒಬ್ಬರು ಮಾತಾಡಿ ಅಂದರೆ ಮುಖ ಮುಖ ನೋಡಿ ನಕ್ಕು, ಎರಡನೆಯ ಮಾತಿಗೆ ಕನ್ನಡಕ್ಕೆ ಬರುತ್ತಿದ್ದರು.

ಆಗ ಅಕ್ಕೋರು ಕೇಳಿದ ಪ್ರಶ್ನೆ ನಾನು ಮರೆತಿಲ್ಲ. ‘ಹಾಗಾದರೆ ನೀವು ರೀ ಹಚ್ಚದೆ ಯಾರ ಜೊತೆ ಮಾತಾಡ್ತೀರಿ? ನಗದೆ, ಸಲೀಸಾಗಿ?’

‘ಅವ್ವನ ಜೋಡಿ’ ಅಂದಿತು ಒಂದು.

‘ದೇವರ ಜೋಡಿ’ ಅಂದಿತು ಇನ್ನೊಂದು.

‘ಎಮ್ಮಿ ಜೋಡಿ’ ಅಂದ ಟ್ರ್ಯಾಕ್ಟರ್ ಹುಡುಗ.

‘ಆಯಿ ಜೋಡಿ’ ಅಂದಳು ರೊಟ್ಟಿ ಹುಡುಗಿ.

ಎಲ್ಲರೂ ಹೊರಳಿ ನೋಡಿದರು. ನಾನು ಬಾಗಿಲ ಬಳಿ ಮೊರ ಹಿಡಿದು ಶೇಂಗಾದ ಸಿಪ್ಪೆ ಕೇರುತ್ತಿದ್ದೆ. ನಮ್ಮಲ್ಲಿ ಅವ್ವನಿಗೆ, ಆಯಿಗೆ ನೀನು ಅನ್ನುವುದೇ ರೂಢಿ. ರೀ ಅಂದರೆ ಹೊರಗಿನವರನ್ನು ಮಾಡಿದಂತೆ.

‘ನಾಳೆಯಿಂದ ನಿಮಗೆ ಕುರ್ಚಿ ಹಾಕ್ತೀನಿ’ ಅಂದರು ಅಕ್ಕೋರು.

‘ಏ, ಹೋಗ್ರಿ. ನನಗ ಇಂಗ್ಲಿಷ್ ತಿಳಿಯಂಗಿಲ್ಲ.’

‘ತಿಳಿಯದೆ ಇದ್ದರೂ ಪರವಾಗಿಲ್ಲ. ಬೇಸರ ಮಾಡ್ಕೊಳ್ಳದೆ ಕೂತರೆ ಸಾಕು.’

‘ಬ್ಯಾಸರಾದ್ರ ನಾ ಎದ್ದು ಹೋಗಾಕಿ, ಮದಲ ಹೇಳೇನಿ.’

ಶೇಂಗಾ ಕಸಿಯುವ ಡಬ್ಬಿಯನ್ನು ಆ ಸಂಜೆಯೇ ಅಟ್ಟಕ್ಕೆ ಎಸೆದೆವು.

ಹೊಸ ಪದ್ಧತಿ ಹೀಗೆ. ವಖಾರಿಯ ಒಂದು ಮೂಲೆಯಲ್ಲಿ ನನ್ನ ಕುರ್ಚಿ, ಎದುರಿಗೆ ಒಂದು ಮಣೆ. ಒಬ್ಬೊಬ್ಬರಾಗಿ ಬಂದು ಕೂತು ಇವತ್ತಿನ ಸುದ್ದಿಯನ್ನು ನನಗೆ ಇಂಗ್ಲಿಷಿನಲ್ಲಿ ಹೇಳಬೇಕು. ನನ್ನ ಕೈಯಲ್ಲಿ ಜೋಳ ಹಸನು ಮಾಡುವುದೋ, ಬಳ್ಳೊಳ್ಳಿ ಬಿಡಿಸುವುದೋ ಯಾವುದಾದರೂ ಕೆಲಸ ಇರಬೇಕು, ಅದು ನನ್ನ ಕರಾರು. ಅಕ್ಕೋರು ಬೆನ್ನು ಮಾಡಿ ಕೂತು ಕೇಳಬೇಕು, ನಡುವೆ ಬಾಯಿ ಹಾಕಬಾರದು. ತಪ್ಪು ಕಂಡರೆ ಮರುದಿನ ಎಲ್ಲರಿಗೂ ಸೇರಿಸಿ ಹೇಳಬೇಕು. ನನಗೆ ಒಂದೇ ಒಂದು ಇಂಗ್ಲಿಷ್ ಮಾತು ಕಲಿಸಿದರು, ‘ದೆನ್?’ ಮುಂದೇನಾತು ಅಂತ ಅರ್ಥವಂತೆ. ಮಗು ಎಲ್ಲಿ ನಿಲ್ಲುತ್ತದೋ ಅಲ್ಲಿ ಅನ್ನಬೇಕು.

ಟ್ರ್ಯಾಕ್ಟರ್ ಹುಡುಗ ಮೊದಲು ಬಂದ. ಗಡಗಡ ಹೇಳಿ ಎದ್ದ. ಮರುದಿನವೂ ಗಡಗಡ. ಮೂರನೆಯ ದಿನ ನಾನು ಅವನ ಅಂಗಿ ಹಿಡಿದು ಕೂಡಿಸಿದೆ.

‘ಲೇ, ಮೂರು ದಿನದಿಂದ ಒಂದ ರಾಗ ಐತಿ. ನಾಕು ಬೆರಳು ತೋರಸ್ತಿ, ಕೋಡು ತೋರಸ್ತಿ, ಹಾಲು ಹಿಂಡಿ ತೋರಸ್ತಿ. ಇದು ಆಕಳ ಪಾಠ ಅಲ್ಲೇನು?’

‘ನಿನಗ ಹೆಂಗ ತಿಳೀತು ಆಯಿ?’

‘ಆಕಳ ಕಟ್ಟಿದಾಕಿ ಅದೀನಿ ನಾ. ಇವತ್ತು ನೀ ಏನು ತಿಂದಿ ಅದನ್ನ ಹೇಳು.’

ಆ ಕಡೆ ಬೆನ್ನು ಮಾಡಿ ಕೂತ ಅಕ್ಕೋರ ಭುಜ ಕುಣಿಯುತ್ತಿತ್ತು.

ರೊಟ್ಟಿ ಹುಡುಗಿ ಬಂದು ಮಣೆಯ ಮೇಲೆ ಕೂತಳು. ಮಾತಿಲ್ಲ. ನಾನು ಜೋಳದಲ್ಲಿ ಕಲ್ಲು ಆರಿಸುತ್ತ ಕಾದೆ. ಬೇಸರವಾಗಿ, ‘ದೆನ್?’ ಅಂದೆ. ಏನೂ ಹೇಳದವಳಿಗೆ ಮುಂದೇನು ಅಂತ ಕೇಳಿದ್ದಕ್ಕೆ ಅವಳಿಗೆ ನಗು ಬಂತು. ನಕ್ಕ ಬಾಯಿ ಮುಚ್ಚುವ ಮೊದಲೇ ಒಂದು ಮಾತು ಬಿದ್ದಿತು. ‘ಆಯಿ, ಲಿಸನ್.’ ಆಯಿ, ಕೇಳು ಅಂತ. ಆಮೇಲೆ ಇನ್ನೊಂದು. ಎರಡೂ ಕೈ ಗಾಳಿಯಲ್ಲಿ ತಟಪಟ ಆಡಿದವು. ಬೆಳಿಗ್ಗೆ ತಾಯಿಯ ಜೋಡಿ ರೊಟ್ಟಿ ಬಡಿದದ್ದನ್ನು ಹೇಳುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು. ಒಲೆ ಊದಿ ತೋರಿಸಿದಳು, ಕಣ್ಣು ಒರೆಸಿ ತೋರಿಸಿದಳು. ಸಣ್ಣ ಮಾತು, ಮುರುಕು ಮಾತು, ಆದರೆ ಅವಳದೇ ಮಾತು. ರೀ ಒಂದೂ ಇರಲಿಲ್ಲ.

ಆವತ್ತಿನಿಂದ ದಿನವೂ ‘ಆಯಿ, ಲಿಸನ್’ ಅಂತಲೇ ಅವಳ ಮಾತು ಸುರು. ಹಂಚಿಗೆ ಏನಂತಾರೆ, ನಾದುವುದಕ್ಕೆ ಏನಂತಾರೆ, ಕೆಂಡಕ್ಕೆ ಏನಂತಾರೆ ಅಂತ ಅಕ್ಕೋರನ್ನು ಕೇಳಿ ಕಲಿತು ಬರುತ್ತಿದ್ದಳು. ಸಿಗದ ಮಾತಿಗೆ ಕೈ ಮಾಡುತ್ತಿದ್ದಳು, ಕೈಗೂ ಸಿಗದಿದ್ದರೆ ಸುತ್ತು ಬಳಸಿ ಹೋಗುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಹೊಗಳುವ ಚಟ ನನಗಿಲ್ಲ. ಆದರೆ ಮಣೆಯ ಮೇಲೆ ಕೂತು ಒಂದು ಪರಭಾಷೆಯನ್ನು ಹಾಗೆ ಹೊಡೆದು ಬಡಿದು ದಾರಿಗೆ ತಂದ ಹುಡುಗಿಯನ್ನು ನಾನು ಬೇರೆ ನೋಡಿಲ್ಲ. ಉಳಿದವರೂ ಕಡಿಮೆಯಿಲ್ಲ. ಮೆಣಸಿನಕಾಯಿ ತುಂಬಲು ಹೊರರಾಜ್ಯದಿಂದ ಬಂದ ಒಂದು ಲಾರಿ ಪೇಟೆಯಲ್ಲಿ ದಾರಿ ತಪ್ಪಿ ನಮ್ಮ ವಖಾರಿಯ ಮುಂದೆ ನಿಂತಿತು. ಡ್ರೈವರನಿಗೆ ಕನ್ನಡ ಬರದು. ಟ್ರ್ಯಾಕ್ಟರ್ ಹುಡುಗ ಹೋಗಿ ಇಂಗ್ಲಿಷಿನಲ್ಲಿ ಎಡ ಬಲ ಹೇಳಿದ. ಲಾರಿ ಬರೋಬರಿ ಜಾಗಕ್ಕೆ ಹೋಗಿ ಮುಟ್ಟಿತು. ಅವನು ಒಳಗೆ ಬಂದಾಗ ಎದೆ ಒಂದು ಗೇಣು ಮುಂದಿತ್ತು.

‘ಆ ಡ್ರೈವರಗ ರೀ ಹಚ್ಚಿದೇನೋ?’ ಅಂದೆ.

‘ಒಂದ ಹಚ್ಚಿದೆ ಆಯಿ. ಹಿರ್ಯಾ ಮನಷ್ಯಾ ಇದ್ದ’ ಅಂದ.

ಆದರೆ ಹೊಸ ತೊಡಕು ಬಂತು. ಮಕ್ಕಳು ನನ್ನ ಜೋಡಿ ಮಾತ್ರ ಮಾತಾಡತೊಡಗಿದರು. ಅಕ್ಕೋರು ತಿರುಗಿ ಕೂತರೆ ರೊಟ್ಟಿ ಹುಡುಗಿ ಗಪ್ಪು. ಗದಗಿನಲ್ಲಿ ಅವಳನ್ನು ಮಾತಾಡಿಸುವವರು ಆಯಿ ಅಲ್ಲ. ಅಕ್ಕೋರು ಅವಸರ ಮಾಡಲಿಲ್ಲ. ಬೆನ್ನು ಮಾಡಿ ಕೂತವರು ಕೆಲವು ದಿನ ಬಿಟ್ಟು ಪಕ್ಕಕ್ಕೆ ತಿರುಗಿದರು. ಆಮೇಲೆ ನನ್ನ ಜೋಡಿ ಬಳ್ಳೊಳ್ಳಿ ಬಿಡಿಸಲು ಬಂದು ಕೂತರು, ತಲೆ ಎತ್ತಲಿಲ್ಲ. ಆಮೇಲೆ ‘ದೆನ್?’ ಅನ್ನುವ ಪಾಳಿ ಒಮ್ಮೆ ನನ್ನದು, ಒಮ್ಮೆ ಅವರದು. ಕಡೆಗೆ ಒಂದು ದಿನ ನನಗೆ ಕಣ್ಸನ್ನೆ ಮಾಡಿದರು, ನಾನು ಮೊರ ತೆಗೆದುಕೊಂಡು ಮೆಲ್ಲಗೆ ಎದ್ದೆ. ಹುಡುಗಿ ಅಕ್ಕೋರ ಮುಖ ನೋಡಿಯೇ ಮಾತು ಮುಂದುವರಿಸಿದಳು. ಬಾಗಿಲ ಬಳಿ ನಿಂತು ನಾನು ಕೇಳಿದೆ. ಇಂಗ್ಲಿಷ್ ತಿಳಿಯದಿದ್ದರೂ ರೀ ಬಂದರೆ ನನಗೆ ತಿಳಿಯುತ್ತದೆ. ಬರಲಿಲ್ಲ.

ಹತ್ತನೆಯ ಪರೀಕ್ಷೆ ಮುಗಿಯಿತು. ಗದಗಿಗೆ ಹೋಗುವ ದಿನ ಸಮೀಪ ಬಂದಾಗ ಹುಡುಗಿ ಕ್ಲಾಸಿಗೆ ಬರುವುದು ನಿಂತಿತು. ಮದುವೆಯ ಸುಗ್ಗಿ. ಮುಂಡರಗಿಯ ಕಡೆಯಿಂದ ಚೀಲಗಟ್ಟಲೆ ಕಟಿರೊಟ್ಟಿಯ, ಅಂದರೆ ಒಣಗಿಸಿದ ಗಟ್ಟಿ ರೊಟ್ಟಿಯ ಕೆಲಸ ಬಂದಿತ್ತು. ನಾನು ಅವರ ಮನೆಗೆ ಹೋದೆ. ತಾಯಿ ಮಗಳು ಎರಡು ಒಲೆಯ ಮುಂದೆ ಕೂತು ಬಡಿಯುತ್ತಿದ್ದರು.

‘ಆಯಿ, ಬೈಯ್ಯಾಕ ಬಂದಿ ಅಂತ ಗೊತ್ತೈತಿ’ ಅಂದಳು ತಾಯಿ. ‘ಆಕಿ ಇಂಗ್ಲಿಷ್ ಏನು ಬಂದು ರೊಟ್ಟಿ ಬಡೀತೈತೇನು?’

‘ಬಡಿಯಂಗಿಲ್ಲ. ಬಡಕೋತ ಮಾತಾಡಾಕ ಬರತೈತಿ’ ಅಂದೆ. ಹುಡುಗಿಯ ಕಡೆ ತಿರುಗಿ, ‘ಹೂಂ, ಸುರು ಮಾಡು’ ಅಂದೆ.

ಹುಡುಗಿ ತಾಯಿಯ ಮುಖ ನೋಡಿದಳು. ‘ಆಯಿ, ಲಿಸನ್’ ಅಂದಳು. ಕೈ ರೊಟ್ಟಿಯ ಮೇಲೆ, ಬಾಯಿ ಇಂಗ್ಲಿಷಿನ ಮೇಲೆ. ಬಡಿತದ ತಾಳಕ್ಕೆ ಮಾತು ಸಲೀಸಾಗಿ ಬರುತ್ತಿತ್ತು. ವಖಾರಿಯಲ್ಲಿ ಎಂದೂ ಅಷ್ಟು ಸಲೀಸು ಬಂದಿರಲಿಲ್ಲ. ತಾಯಿ ಕೈ ನಿಲ್ಲಿಸಿದಳು. ಮಗಳ ಬಾಯಿ ನೋಡಿದಳು.

‘ಏನಂದ್ಲು?’ ಅಂತ ನನ್ನ ಕಿವಿಯಲ್ಲಿ ಕೇಳಿದಳು.

‘ನನಗೇನು ಗೊತ್ತು? ದೆನ್ ಅನ್ನು. ಮುಂದ ಹೇಳತಾಳ.’

‘ಏನನ್ನಲಿ?’

‘ದೆನ್.’

ತಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡು, ಯಾರೋ ಪರಸ್ಥಳದವರನ್ನು ಮಾತಾಡಿಸುವ ಹಾಗೆ, ‘ದೆನ್?’ ಅಂದಳು. ಮಗಳು ನಕ್ಕು ಮುಂದೆ ಹೇಳಿದಳು. ತಾಯಿ ಮತ್ತೆ ‘ದೆನ್?’ ಅಂದಳು. ಅವಳ ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ನಾನೇ ಎದ್ದು ತಿರುವಿ ಹಾಕಿದೆ. ಆಮೇಲೆ ಆ ವಾರವೆಲ್ಲ ಅಭ್ಯಾಸ ಒಲೆಯ ಮುಂದೆಯೇ ನಡೆಯಿತು. ಅಕ್ಕೋರೂ ಬಂದು ಕೂತು ಹೊಗೆ ಕುಡಿದರು. ಒಂದು ರೊಟ್ಟಿ ಬಡಿಯಲು ಹೋಗಿ ನಕ್ಷೆಯ ಹಾಗೆ ಮಾಡಿದರು. ಅದನ್ನು ಹುಡುಗಿಯೇ ತಿಂದಳು.

ಗದಗಿಗೆ ಹೋಗುವ ದಿನ ತಾಯಿಗೆ ಬರಲಾಗಲಿಲ್ಲ. ರೊಟ್ಟಿ ಮುಟ್ಟಿಸುವ ದಿನ ಅದೇ ಆಗಿತ್ತು. ಅಕ್ಕೋರಿಗೆ ಬೇರೆ ಹುಡುಗರ ಕ್ಲಾಸು. ಜೋಡಿ ಹೋದವಳು ನಾನು. ಬಸ್ಸು ಶಿರಹಟ್ಟಿ ದಾಟುವ ತನಕ ಅವಳು ಕಿಟಕಿಯ ಹೊರಗೆ ನೋಡುತ್ತ ತುಟಿ ಆಡಿಸುತ್ತಿದ್ದಳು. ಆಮೇಲೆ ಕೇಳಿದಳು, ‘ಆಯಿ, ಅವರಿಗೆ ರೀ ಅನ್ನಬೇಕು ಅನಿಸಿದ್ರ?’

‘ನುಂಗು. ಮಾತು ನುಂಗಬ್ಯಾಡ, ರೀ ನುಂಗು.’

ಕಾಲೇಜಿನಲ್ಲಿ ಉದ್ದನೆಯ ಪಡಸಾಲೆ. ಬೆಂಚಿನ ಮೇಲೆ ಹುಡುಗ ಹುಡುಗಿಯರು, ಅವರ ತಂದೆ ತಾಯಿ. ಕೆಲವರು ಕಾನ್ವೆಂಟಿನವರು, ತಂದೆಯ ಜೋಡಿಯೇ ಇಂಗ್ಲಿಷ್ ಮಾತಾಡುತ್ತಿದ್ದರು. ನಮ್ಮ ಹುಡುಗಿ ಅವರನ್ನು ನೋಡಿ ನನಗೆ ಒತ್ತಿ ಕೂತಳು. ಅವಳನ್ನು ಕರೆದರು. ಒಳಗೆ ಹೋದಳು. ಬೇಸಿಗೆಯೆಂದು ಕಿಟಕಿ ತೆಗೆದಿದ್ದರು. ನಾನು ಕಿಟಕಿಯ ಕೆಳಗಿನ ಬೆಂಚಿಗೆ ಸರಿದೆ. ಓರೆಯಾಗಿ ನೋಡಿದರೆ ಮೇಜಿನ ಹಿಂದೆ ಇಬ್ಬರು ಗಂಡಸರು, ನಡುವೆ ನರೆತ ತಲೆಯ ಒಬ್ಬ ಹೆಣ್ಣುಮಗಳು, ಕನ್ನಡಕ, ಇಳಕಲ್ಲ ಸೀರೆ.

ಒಬ್ಬರು ಏನೋ ಕೇಳಿದರು. ಹುಡುಗಿ ಉತ್ತರ ಕೊಟ್ಟಳು. ಕಡೆಗೆ ‘ಸರ್’ ಅಂದಳು. ಇನ್ನೊಂದು ಕೇಳಿದರು. ಮತ್ತೆ ಉತ್ತರ, ಮತ್ತೆ ‘ಸರ್’. ಗಟ್ಟಿ ದನಿ. ರೀ ಇಲ್ಲ. ನಾನು ಉಸಿರು ಬಿಟ್ಟೆ. ಆಮೇಲೆ ನಡುವಿನ ಹೆಣ್ಣುಮಗಳು ನಿಧಾನವಾಗಿ ಏನೋ ಉದ್ದನೆಯದು ಕೇಳಿದರು. ಹುಡುಗಿ ಅವರ ಕಡೆ ತಿರುಗಿದಳು, ಆ ನರೆತ ಕೂದಲು ನೋಡಿದಳು. ತೊಡೆಯ ಮೇಲಿನ ಎರಡೂ ಕೈ ರೊಟ್ಟಿ ಬಡಿಯುವ ಹಾಗೆ ಆಡತೊಡಗಿದವು. ಖುಷಿಯಿಂದ, ದಿನಾ ಅನ್ನುವ ಹಾಗೆಯೇ ಅಂದಳು:

‘ಆಯಿ, ಲಿಸನ್.’

ಅಂದವಳೇ ಕಲ್ಲಾದಳು. ಏನಂದೆ ಅಂತ ಅವಳಿಗೆ ಗೊತ್ತಾಯಿತು. ಇಬ್ಬರು ಗಂಡಸರು ಮುಖ ಮುಖ ನೋಡಿದರು. ಕೈ ನಿಂತವು. ಬಾಯಿ ನಿಂತಿತು. ರೀ ಬಿಡಿಸಲು ನಾವು ಪಟ್ಟ ಪಾಡೆಲ್ಲ ಪಟ್ಟು, ಅದರ ಜಾಗಕ್ಕೆ ನಾವೇ ಇದನ್ನು ಹಚ್ಚಿ ಕಳಿಸಿದ್ದೆವು. ಅವಳಿಗೆ ನಾವು ಇಂಗ್ಲಿಷ್ ಕಲಿಸಿದ್ದು ಒಬ್ಬ ಮುದುಕಿಗೆ ಹೇಳು ಅಂತ. ಅವಳು ಮುದುಕಿಯನ್ನು ಕಂಡಳು, ಹೇಳಿದಳು.

ಹಿಂದೆಲ್ಲ ಅವಳು ಹೀಗೆ ನಿಂತಾಗ ನಾನು ಏನನ್ನುತ್ತಿದ್ದೆನೋ ಅದು ನನ್ನ ಗಂಟಲಿಗೆ ಬಂದು ನಿಂತಿತು. ಅಂದುಬಿಟ್ಟರೆ ಎಲ್ಲ ಕೆಡುತ್ತದೆ. ಸೆರಗಿನ ಚುಂಗು ಬಾಯಲ್ಲಿ ತುರುಕಿಕೊಂಡು ಕಚ್ಚಿ ಹಿಡಿದೆ.

ಕನ್ನಡಕದ ಹೆಣ್ಣುಮಗಳು ಮೇಜಿನ ಮೇಲೆ ಸ್ವಲ್ಪ ಮುಂದೆ ಬಾಗಿದರು. ನಗಲಿಲ್ಲ, ಸಿಟ್ಟೂ ಆಗಲಿಲ್ಲ. ‘ದೆನ್?’ ಅಂದರು.

ಹುಡುಗಿಯ ಕೈ ಮತ್ತೆ ಆಡಿದವು. ಮಾತು ಸುರುವಾಯಿತು. ಒಲೆ, ಹಿಟ್ಟು, ತಾಯಿ, ವಖಾರಿ, ಸೀನು, ಶೇಂಗಾ, ಎಲ್ಲ ಹೇಳಿದಳು ಅಂತ ಕೈ ನೋಡಿಯೇ ತಿಳಿಯಿತು. ಸೀನಿ ತೋರಿಸಿದಾಗ ಗಂಡಸರೂ ನಕ್ಕರು. ನಿಂತಲ್ಲೆಲ್ಲ ಆ ಹೆಣ್ಣುಮಗಳು ‘ದೆನ್?’ ಅಂದರು, ಅವಳು ಮುಂದೆ ಹೋದಳು. ಉಳಿದವರಿಗಿಂತ ಹೆಚ್ಚು ಹೊತ್ತು ಒಳಗೆ ಇಟ್ಟುಕೊಂಡರು.

ಹೊರಗೆ ಬಂದವಳೇ ನನ್ನ ಮಡಿಲಲ್ಲಿ ತಲೆ ಹಾಕಿ ಅತ್ತಳು. ‘ಕೆಡಿಸಿದೆ ಆಯಿ. ಅಷ್ಟು ದೊಡ್ಡವರಿಗೆ ಆಯಿ ಅಂದುಬಿಟ್ಟೆ.’

‘ಅಂದ್ರ ಏನಾತು? ಮುದುಕಿ ಇದ್ದಳಿಲ್ಲ? ಕಣ್ಣು ಒರಸ್ಕೊ, ನನ್ನ ಸೀರಿ ತೊಯ್ತು.’

ಊಟದ ಬಿಡುವಿಗೆ ಬಾಗಿಲು ತೆರೆದು ಆ ಹೆಣ್ಣುಮಗಳು ಹೊರಗೆ ಬಂದರು. ಹುಡುಗಿಯನ್ನು ನೋಡಿದರು, ಅವಳ ಪಕ್ಕದಲ್ಲಿದ್ದ ನನ್ನನ್ನು ನೋಡಿದರು.

‘ಆ ಆಯಿ ಅಂದ್ರ ನೀವ ಏನ್ರಿ?’ ಅಂದರು. ನಮ್ಮ ಕಡೆಯದೇ ಮಾತು.

‘ಹೌದ್ರಿ’ ಅಂತ ಎದ್ದು ನಿಂತೆ.

‘ಕುಂಡ್ರಿ, ಕುಂಡ್ರಿ’ ಅಂದರು. ಹುಡುಗಿಯ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಊಟಕ್ಕೆ ಹೋದರು.

ಆಮೇಲೆ ಹಲವು ದಿನ ಏನೂ ಖಬರಿಲ್ಲ. ತಾಯಿ ಕೇಳಲಿಲ್ಲ, ಮಗಳು ಹೇಳಲಿಲ್ಲ, ಇಬ್ಬರೂ ರೊಟ್ಟಿ ಬಡಿದರು. ಒಂದು ಮಧ್ಯಾಹ್ನ ಅಕ್ಕೋರು ಫೋನು ಕೈಯಲ್ಲಿ ಹಿಡಿದು ಓಣಿಯಲ್ಲಿ ಓಡಿ ಬಂದರು. ಚಪ್ಪಲಿ ಒಂದೇ ಕಾಲಲ್ಲಿತ್ತು. ಸೀಟು ಸಿಕ್ಕಿತ್ತು. ತಾಯಿ ಹಿಟ್ಟಿನ ಕೈಯಿಂದಲೇ ಮಗಳ ಮುಖ ಹಿಡಿದಳು. ಹುಡುಗಿಯ ಎರಡೂ ಕೆನ್ನೆಗೆ ಬಿಳಿ ಹತ್ತಿತು, ಯಾರೂ ಒರೆಸಲಿಲ್ಲ. ಅಕ್ಕೋರು ಅತ್ತರು. ನಾನು ಹೋಗಿ ಅವರ ಇನ್ನೊಂದು ಚಪ್ಪಲಿ ಹುಡುಕಿ ತಂದೆ.

ಈಗ ಹುಡುಗಿ ಗದಗಿನಲ್ಲಿದ್ದಾಳೆ. ಇಲ್ಲಿ ವಖಾರಿಗೆ ಹೊಸ ಮಕ್ಕಳು ಬಂದಿದ್ದಾರೆ, ನನ್ನ ಕುರ್ಚಿ ಅಲ್ಲೇ ಇದೆ. ಈ ಸಲ ಅಕ್ಕೋರು ಒಂದು ಬದಲು ಮಾಡಿದ್ದಾರೆ. ಮಕ್ಕಳು ನನಗೆ ದಿನಕ್ಕೊಂದು ಹೊಸ ಹೆಸರಿಟ್ಟು ಮಾತಾಡಿಸಬೇಕು. ಒಂದು ದಿನ ನಾನು ಡಾಕ್ಟರು, ಒಂದು ದಿನ ಪೊಲೀಸು. ನನಗೇನು, ಜೋಳ ಹಸನಾದರೆ ಸಾಕು.

ರವಿವಾರಕ್ಕೊಮ್ಮೆ ಹುಡುಗಿ ತಾಯಿಗೆ ಫೋನು ಮಾಡುತ್ತಾಳೆ. ಮೊದಲು ಕನ್ನಡದಲ್ಲಿ ಊಟ, ಮೈಯ ಸುದ್ದಿ. ಆಮೇಲೆ ಇಂಗ್ಲಿಷ್. ತಾಯಿಯೇ ಮಾತಾಡು ಅಂತ ಹೇಳಿದ್ದಾಳೆ. ಮೊನ್ನೆ ನಾನು ಹೋದಾಗ ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು ರೊಟ್ಟಿ ಬಡಿಯುತ್ತಿದ್ದಳು. ನಡುನಡುವೆ ‘ದೆನ್?’ ಅನ್ನುತ್ತಿದ್ದಳು. ಆ ಕಡೆಯಿಂದ ಮಾತು ಹರಿಯುತ್ತಲೇ ಇತ್ತು, ನನಗೂ ಕೇಳುತ್ತಿತ್ತು.

‘ಏನರ ತಿಳೀತೈತೇನು ನಿನಗ?’ ಅಂದೆ.

‘ಏನೂ ತಿಳಿಯಂಗಿಲ್ಲ ಆಯಿ’ ಅಂದಳು. ಫೋನಿಗೆ ಕೈ ಮುಚ್ಚಿ ಮೆಲ್ಲಗೆ ಕೇಳಿದಳು, ‘ಸಾಕು ಮಾಡು ಅನ್ನಾಕ ಇಂಗ್ಲಿಷಿನ್ಯಾಗ ಏನಂತಾರ? ರೊಟ್ಟಿ ಹೊತ್ತಾಕತ್ತಾವ.’

‘ನನಗ ಒಂದ ಮಾತು ಬರತೈತಿ’ ಅಂದೆ. ‘ಅದು ನಿಲ್ಲಸೂ ಮಾತಲ್ಲ.’